ಅಮ್ಮನ ಟಿವಿ ಮತ್ತು 83 ಲಕ್ಷ ಚುಕ್ಕಿಗಳು

2025ರ ಆಗಸ್ಟ್‌ನಲ್ಲಿ ನಮ್ಮ ಮನೆಯ 21 ಅಂಗುಲದ ಡಬ್ಬಾ ಟಿವಿ ಕೊನೆಗೂ ಕಣ್ಣು ಮುಚ್ಚಿತು. ಬ್ಯಾಂಕ್ ಆಫೀಸರ್ ಮನೇಲಿ ಇನ್ನೂ ಡಬ್ಬಾ ಟಿವೀನಾ ಅಂತ ನಗಬೇಡಿ. ಮನೆ ಸಾಲದ ಕಂತು, ಮಗನ ಹಾಸ್ಟೆಲ್ ಫೀಸು ಕಟ್ಟಿದ ಮೇಲೆ ಊರಿಗೆಲ್ಲ ಸಾಲ ಕೊಡುವವನ ಜೇಬಲ್ಲಿ ಎಷ್ಟು ಉಳಿಯುತ್ತೆ ಅಂತ ನನಗೇ ಗೊತ್ತು. ಹೊಸ ಟಿವಿಗೆ ನಾನು ಹಾಕಿಕೊಂಡ ಮಿತಿ 20 ಸಾವಿರ.

ನಾನಿರುವುದು ರಾಮನಗರದಲ್ಲಿ. ಶೋಲೆಯ ಬಂಡೆಗಳಿರುವ ನಮ್ಮ ಕಡೆಯ ರಾಮನಗರ ಅಲ್ಲ ಮತ್ತೆ! ಕಾಶಿಯ ಎದುರು ದಡದಲ್ಲಿ, ಕಾಶೀರಾಜರ ಕೋಟೆ ಇರುವ ರಾಮನಗರ. ಬಂದು ಇಪ್ಪತ್ತೈದು ವರ್ಷ ದಾಟಿತು. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಸಾಗರದ ಮನೆಗೆ ಬೀಗ ಹಾಕಿ ಇಲ್ಲಿಗೇ ಬಂದಳು. "ಕಾಶೀವಾಸ, ಪುಣ್ಯವಂತೆ" ಅಂದರು ಊರವರು. ಪುಣ್ಯವೇನೋ ಸರಿ, ಗಂಗೆಗೆ ಕನ್ನಡ ಬರಲ್ಲವಲ್ಲ! ನದಿ ದಾಟಿ ಹನುಮಾನ್ ಘಾಟ್ ಕಡೆಗೋ ಜಂಗಮವಾಡಿ ಮಠದ ಕಡೆಗೋ ಹೋದರೆ ಕನ್ನಡ ಕಿವಿಗೆ ಬೀಳುತ್ತೆ. ಆದರೆ ಅಮ್ಮನ ಮಂಡಿ ಒಪ್ಪಬೇಕಲ್ಲ. ನಾನು ಬ್ಯಾಂಕಿಗೆ, ನನ್ನವಳು ಪಾಠ ಹೇಳಲು ಶಾಲೆಗೆ ಹೊರಟರೆ ಬೆಳಗಿನಿಂದ ಸಂಜೆವರೆಗೆ ಅಮ್ಮನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಆ ಡಬ್ಬಾ ಒಂದೇ. ಅದರಲ್ಲಿ ದೂರದರ್ಶನದ ಚಂದನ ಬರುತ್ತಿತ್ತು.

ಮಗನಿಗೆ ಫೋನ್ ಮಾಡಿದೆ. "ಅಪ್ಪ, 55 ಅಂಗುಲದ 4ಕೆ ತಗೊಳ್ಳಿ, ಕಂತಿನಲ್ಲಿ ಕೊಡ್ತಾರೆ" ಅಂದ. ಕಂತಿನ ಬಗ್ಗೆ ನನಗೇ ಪಾಠ!

ಒಂದು ಭಾನುವಾರ ಸೇತುವೆ ದಾಟಿ ಲಂಕಾಕ್ಕೆ ಹೋದೆ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮುಂದಿನ ಪೇಟೆಯ ಹೆಸರೇ ಲಂಕಾ. ರಾಮನಗರದಿಂದ ಸೇತುವೆ ದಾಟಿ ಲಂಕೆಗೆ ಹೋಗುವುದು ನಮಗೆ ದಿನನಿತ್ಯದ ವ್ಯವಹಾರ. ಅಂಗಡಿಯ ಗೋಡೆ ತುಂಬಾ ಟಿವಿಗಳು. ಎಲ್ಲದರಲ್ಲೂ ಗಿಳಿ ಹಾರುತ್ತಿತ್ತು, ಒಂದೊಂದು ಪುಕ್ಕವೂ ಎಣಿಸುವ ಹಾಗೆ. ಮನಸ್ಸು ಜಾರಿಯೇಬಿಟ್ಟಿತು ಅನ್ನಿ. ಆಮೇಲೆ ನನ್ನೊಳಗಿನ ಬಿಕಾಂ ಎಚ್ಚೆತ್ತ. "ಸಾಮಾನ್ಯ ಚಾನೆಲ್ ಹಾಕಪ್ಪ" ಅಂದೆ. ಹುಡುಗ ಒಲ್ಲದ ಮನಸ್ಸಿನಿಂದ ಹಾಕಿದ. ಅದೇ ದೊಡ್ಡ ಪರದೆಯ ಮೇಲೆ ವಾರ್ತೆ ಓದುವವಳ ಮುಖ ಗಂಜಿ ಕಟ್ಟಿದ ಹಾಗಿತ್ತು!

ಲೆಕ್ಕ ಸರಳ. ಹಳೇ ಮಾದರಿಯ ಚಾನೆಲ್ ಕಳಿಸುವುದು 720 ಗುಣಿಸು 576, ಅಂದರೆ ಸುಮಾರು 4 ಲಕ್ಷ ಚುಕ್ಕಿ. ಎಚ್‌ಡಿ ರೆಡಿ ಪರದೆಯಲ್ಲಿ ಸುಮಾರು 10 ಲಕ್ಷ, ಫುಲ್ ಎಚ್‌ಡಿಯಲ್ಲಿ ಸುಮಾರು 21 ಲಕ್ಷ, 4ಕೆಯಲ್ಲಿ ಸುಮಾರು 83 ಲಕ್ಷ. ಬರುವ ಒಂದು ಚುಕ್ಕಿಗೆ 4ಕೆ ಟಿವಿ ಇಪ್ಪತ್ತು ಚುಕ್ಕಿ ತುಂಬಬೇಕು. ಉಳಿದ ಹತ್ತೊಂಬತ್ತನ್ನು ಊಹೆಯಿಂದ ತುಂಬುತ್ತೆ. ನಮ್ಮ ಬ್ಯಾಂಕಿನ ಸಸ್ಪೆನ್ಸ್ ಖಾತೆಯ ಹಾಗೆ! ಒಟಿಟಿ ಸಿನಿಮಾ ನೋಡುವವರಿಗೆ 4ಕೆ ಸರಿ. ನಮಗೆ ಬರುವುದು ಫ್ರೀ ಡಿಶ್‌ನ ಚಂದನ.

ಅಳತೆಗೂ ಒಂದು ಲೆಕ್ಕವಿದೆ. ಪರದೆಯ ಅಳತೆಯ ಸುಮಾರು ಎರಡರಷ್ಟು ದೂರದಲ್ಲಿ ಕೂತರೆ ಕಣ್ಣಿಗೆ ಹಿತ. ಅಮ್ಮನ ಮಂಚದಿಂದ ಗೋಡೆಗೆ ಟೇಪು ಹಿಡಿದೆ. ಏಳಡಿ. 43 ಅಂಗುಲ ಸಾಕು. ಅದರಲ್ಲಿ ಫುಲ್ ಎಚ್‌ಡಿ ಸಿಕ್ಕಿತು, ಬೆಲೆ 19,200.

ತಗೊಂಡೇಬಿಡೋಣ ಅಂದರೆ ಅಮ್ಮ ಬಿಡಬೇಕಲ್ಲ. "ಪಿತೃಪಕ್ಷದಲ್ಲಿ ಹೊಸ ವಸ್ತು ಬೇಡ ಕಣೋ" ಅಂದಳು. ಅಮ್ಮನ ಶಾಸ್ತ್ರ ನನ್ನ ಲೆಕ್ಕಕ್ಕೂ ಹೊಂದಿತು. 32 ಅಂಗುಲಕ್ಕಿಂತ ದೊಡ್ಡ ಟಿವಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುವುದಿತ್ತು, ಸೆಪ್ಟೆಂಬರ್ 22ರಿಂದ. ಅಂದೇ ನವರಾತ್ರಿ ಶುರು! 15 ಸಾವಿರ ಮೂಲ ಬೆಲೆಯ ಟಿವಿ 17,700ಕ್ಕೆ ಬಂತು.

ಆ ದಿನ ರಜೆ ಹಾಕಿ ಅಮ್ಮನನ್ನೂ ಆಟೋದಲ್ಲಿ ಕರೆದುಕೊಂಡು ಹೋದೆ. ಅಂಗಡಿಯವರು ಕುರ್ಚಿ ಕೊಟ್ಟರು. ಅಮ್ಮ ಗಿಳಿಗಳನ್ನು ಸುಮ್ಮನೆ ನೋಡಿದಳು. ಆಮೇಲೆ ಕೇಳಿದ್ದು ಒಂದೇ ಮಾತು. "ಇದರಲ್ಲಿ ಮಾತು ಕೇಳಿಸಲ್ವೇನೋ?"

ಅಷ್ಟೂ ಟಿವಿಗಳ ಧ್ವನಿ ಬಂದ್ ಆಗಿತ್ತು. ಒಂದು ತಿಂಗಳು ಚುಕ್ಕಿ ಎಣಿಸಿದ ನಾನು ಒಂದು ಸಲವೂ ಧ್ವನಿ ಹಾಕಿಸಿರಲಿಲ್ಲ! ಅಮ್ಮನಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. ಕಿವಿಯೂ ಸ್ವಲ್ಪ ಮಂದ. ಅವಳಿಗೆ ಬೇಕಿದ್ದದ್ದು ಮಾತು. ಧ್ವನಿ ಹಾಕಿಸಿದೆ. ತೆಳು ಟಿವಿಯ ಸ್ಪೀಕರ್ ಕೆಳಮುಖ. ಶಬ್ದ ದೊಡ್ಡದಾಗುತ್ತಿತ್ತು, ಮಾತು ಬಿಡಿಸಿ ಕೇಳಿಸುತ್ತಿರಲಿಲ್ಲ. ತೆರಿಗೆಯಲ್ಲಿ ಉಳಿದ 1,500 ರೂಪಾಯಿ ಪಕ್ಕದಲ್ಲಿಡುವ ಸಣ್ಣ ಸ್ಪೀಕರ್‌ಗೆ ಹೋಯಿತು. ಒಟ್ಟು ಮತ್ತೆ ಅದೇ 19,200.

ಅದು ರಾಮಲೀಲೆಯ ಕಾಲ. ಇಲ್ಲಿಯ ಲೀಲೆ ಸುಮಾರು ಒಂದು ತಿಂಗಳು ನಡೆಯುತ್ತೆ. ಮೈಕಿಲ್ಲ, ವಿದ್ಯುತ್ ದೀಪವಿಲ್ಲ. ಅಯೋಧ್ಯೆ ಒಂದು ಕಡೆ, ಲಂಕೆ ಇನ್ನೊಂದು ಕಡೆ, ಜನ ಹಿಂದೆಯೇ ನಡೆಯಬೇಕು. "ಚುಪ್ ರಹೋ, ಸಾವಧಾನ್" ಅಂತ ಕೂಗಿದರೆ ಸಾವಿರಾರು ಜನ ಮೌನ, ಬರೀ ಬಾಯಿಮಾತು ದೂರದವರೆಗೂ ಕೇಳಿಸುತ್ತೆ. ಮೊದಲೆಲ್ಲ ಅಮ್ಮ ನನ್ನ ಕೈ ಹಿಡಿದು ಬರುತ್ತಿದ್ದಳು. ಹಿಂದಿ ಅರ್ಥವಾಗದಿದ್ದರೂ ಕಥೆ ಗೊತ್ತಲ್ಲ! ಈಗ ನಡೆಯಲಾಗದು.

ಆ ಸಂಜೆ ಬೀದಿಯಲ್ಲಿ ಜನ ಮಾನಸದ ಪುಸ್ತಕ, ಟಾರ್ಚು ಹಿಡಿದು ಲೀಲೆಗೆ ಹೋಗುತ್ತಿದ್ದರು. ಅಮ್ಮ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿ ಬಂದು ಮಂಚದ ಮೇಲೆ ಕೂತಳು. ಚಂದನ ಹಾಕಿದೆ. ವಾರ್ತೆ ಓದುವವರು "ನಮಸ್ಕಾರ" ಅಂದರು. ಅಮ್ಮನೂ ಕೈ ಜೋಡಿಸಿ "ನಮಸ್ಕಾರಮ್ಮ" ಅಂದಳು. ನನ್ನವಳು ನಕ್ಕಳು. ನನಗೆ ನಗು ಬರಲಿಲ್ಲ.

ನೀವೂ ಮನೆಯ ಹಿರಿಯರಿಗೆ ಅಂತ ಟಿವಿ ಕೊಳ್ಳಲು ಹೊರಟಿದ್ದರೆ ಟೇಪು ಹಿಡಿಯಿರಿ, ಚುಕ್ಕಿಯೂ ಎಣಿಸಿ. ಆದರೆ ಅಂಗಡಿಗೆ ಅವರನ್ನೂ ಕರೆದುಕೊಂಡು ಹೋಗಿ. ಗಿಳಿ ತೆಗೆಸಿ, ಅವರು ದಿನಾ ನೋಡುವುದನ್ನೇ ಹಾಕಿಸಿ, ಧ್ವನಿ ಸಮೇತ!