ಇಟಗಿಯ ಹಾದಿಯಲ್ಲಿ ಸೈಕಲ್ ಸವಾರಿ

ಕೊಪ್ಪಳದ ಗವಿಮಠದ ಬೆಟ್ಟದ ಬಂಡೆಯೊಂದರ ಮೇಲೆ ಅಶೋಕನ ಶಾಸನವಿದೆ. 1931ರಲ್ಲಿ ಬೆಳಕಿಗೆ ಬಂದುದು. ಪ್ರಯತ್ನಪಟ್ಟರೆ ದೊಡ್ಡವನೇ ಏಕೆ, ಸಣ್ಣವನೂ ಸ್ವರ್ಗವನ್ನು ಪಡೆಯಬಲ್ಲನೆಂಬುದು ಅದರ ತಾತ್ಪರ್ಯ. ಈ ಸೀಮೆಯಲ್ಲಿ ಸೈಕಲ್ ತುಳಿಯಹೊರಟವನಿಗೆ ಇದಕ್ಕಿಂತ ಒಳ್ಳೆಯ ಹಿತವಚನ ಬೇರೆ ಬೇಕೆ?

ಹೊರಡಲು ಮಾಗಿಯೇ ಸಕಾಲ. ಆಷಾಢದಲ್ಲಾದರೆ ಪಡುವಣ ಗಾಳಿಗೆ ಎದೆಗೊಟ್ಟು ತುಳಿಯಬೇಕಾದೀತು. ಕುಕನೂರಿನ ಕಡೆಗೆ ಸಾಗಿದಂತೆ ಕರಿಯ ಎರೆಭೂಮಿ, ಬಿಳಿಜೋಳ, ಕಡಲೆ. ಊರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ದೇಗುಲಗಳ ಸಮೂಹ. ಅಲ್ಲಿಂದ ಸುಮಾರು 7 ಕಿಲೋಮೀಟರು ತುಳಿದರೆ ಇಟಗಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿದೆ. ಬಳಪದ ಕಲ್ಲಿನ ಆ ಕಂಬಗಳ ನುಣುಪನ್ನು ಕಂಡವರಿಗೆ ಈ ಮಾತು ಉತ್ಪ್ರೇಕ್ಷೆಯೆನಿಸದು.

ಇನ್ನೊಂದು ದಿನವಿದ್ದರೆ ಯಲಬುರ್ಗಾ ದಾಟಿ ಕುಷ್ಟಗಿಯತ್ತ ಹೊರಳಿರಿ. ಗಂಗಾವತಿಗೆ ತುಂಗಭದ್ರೆಯ ಕಾಲುವೆಯುಂಟು, ಭತ್ತವುಂಟು. ಕುಷ್ಟಗಿಯ ದಾಳಿಂಬೆ, ದ್ರಾಕ್ಷಿ ತೋಟಗಳಿಗೆ ಬಹುಮಟ್ಟಿಗೆ ಕೊಳವೆಬಾವಿಯೇ ಗತಿ. ಬಾವಿ ಬತ್ತಿದರೆ, ದಾಳಿಂಬೆಗೆ ಅಂಗಮಾರಿ ರೋಗ ತಗುಲಿದರೆ, ವರ್ಷಗಳ ಬೆವರು ಮಣ್ಣುಪಾಲು. ಆದರೂ ರೈತ ಮತ್ತೆ ಸಸಿ ನೆಡುತ್ತಾನೆ. ಅಶೋಕನ ಬಂಡೆ ಹೇಳುವ ಸಣ್ಣವನು ಇವನೇ. ಇವನ ಬೇಲಿಯ ಬಳಿ ಇಳಿದು ಎರಡು ಮಾತಾಡದೆ ಮುಂದೆ ಹೋಗಬೇಡಿ.