ಒಳಗೇ ಉಳಿದ ಬೋಲ್ಟು

ಚಿಂಚವಾಡದ ಆ ಸೊಸೈಟಿಯ ನೋಟಿಸ್ ಬೋರ್ಡಿನಲ್ಲಿ, ಪಾರ್ಕಿಂಗ್ ಜಾಗದಲ್ಲಿ ಗಾಡಿ ರಿಪೇರಿ ಮಾಡಕೂಡದು ಎಂದು ಮರಾಠಿಯಲ್ಲಿ ಬರೆದು ಅಂಟಿಸಿದ್ದಾರೆ. ಭಾನುವಾರ ಬೆಳಿಗ್ಗೆ ಅದನ್ನು ಯಾರೂ ಓದುವುದಿಲ್ಲ. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುವ ಮಗ ಅಂದು ಕಾರಿನ ಬಾನೆಟ್ ಎತ್ತಿದ್ದು ಥರ್ಮೋಸ್ಟಾಟ್ ಬದಲಿಸಲು. ಎಂಜಿನ್ ಬಿಸಿಯಾಗುತ್ತಿತ್ತು. ಕೆಲಸವೇನೂ ದೊಡ್ಡದಲ್ಲ: ಕೂಲಂಟ್ ಇಳಿಸುವುದು, ಎರಡು ಬೋಲ್ಟು ಬಿಚ್ಚುವುದು, ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವುದು. ಮೊದಲನೆಯ ಬೋಲ್ಟು ಬಂತು. ಎರಡನೆಯದು ಕಾಲು ಸುತ್ತು ಬಿಗಿಯಾಗಿ ತಿರುಗಿ, ಆಮೇಲೆ ಇದ್ದಕ್ಕಿದ್ದಂತೆ ಹಗುರಾಯಿತು. ಪಾನಾದ ಜೊತೆ ಬೋಲ್ಟಿನ ತಲೆ ಮಾತ್ರ ಕೈಗೆ ಬಂತು.

ಕಾರಿಗೆ ಹದಿನೆಂಟು ವರ್ಷ. ಅಪ್ಪ ಪಿಎಫ್‌ನಿಂದ ಸಾಲ ತೆಗೆದು ಕೊಂಡದ್ದು. ಹದಿನೈದು ವರ್ಷ ತುಂಬಿದಾಗ ಆರ್‌ಟಿಒ ಕಚೇರಿಗೆ ಅಲೆದು ಇನ್ನೈದು ವರ್ಷಕ್ಕೆ ನೋಂದಣಿ ನವೀಕರಿಸಿದವರೂ ಅವರೇ. ಈಗ ಆ ಮುರಿದ ತುಂಡು ಹೊರಬರದಿದ್ದರೆ, ಅಥವಾ ತೆಗೆಯುವಾಗ ಅಲ್ಯುಮಿನಿಯಂ ಹಾಳಾದರೆ, ಇಡೀ ಬಿಡಿಭಾಗವನ್ನೇ ಬದಲಿಸಬೇಕು. ಈ ವಯಸ್ಸಿನ ಗಾಡಿಗೆ ಅಷ್ಟು ಖರ್ಚು ಯಾಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಗುಜರಿಯವನ ಫೋನ್ ನಂಬರು ಆಗಲೇ ಸೊಸೆಯ ಮೊಬೈಲಿನಲ್ಲಿತ್ತು.

ಅಪ್ಪನಿಗೆ ಎಪ್ಪತ್ತು. ವಿಜಯಪುರ ಜಿಲ್ಲೆಯ ಇಂಡಿ ಕಡೆಯವರು. 1972ರ ಬರಗಾಲ ಕಳೆದ ಮೇಲೆ ಊರಿನ ನಾಲ್ಕು ಹುಡುಗರ ಜೊತೆ ಪಿಂಪ್ರಿಗೆ ಬಂದು, ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅಲ್ಲಿ ಮಾತು ಮರಾಠಿ, ಅಳತೆ ಇಂಗ್ಲಿಷು, ಬೈಗುಳ ಮಾತ್ರ ಕನ್ನಡ ಎಂದು ನಗುತ್ತಾರೆ. ನಮ್ಮ ಕಡೆಯವರಿಗೂ ಪುಣೆಯ ಕಬ್ಬಿಣಕ್ಕೂ ನಂಟು ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು. 1910ರಲ್ಲಿ ಔಂಧ ಸಂಸ್ಥಾನದ ಬಯಲಿನಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. 1946ರಲ್ಲಿ ಅವರ ಮನೆತನದ ಆಯಿಲ್ ಎಂಜಿನ್ ಕಾರ್ಖಾನೆ ಪುಣೆಯ ಖಡಕಿಯಲ್ಲಿ ಶುರುವಾಯಿತು. ಮುಂದೆ ಪಿಂಪ್ರಿ, ಭೋಸರಿ, ಆಕುರ್ಡಿಯ ಶೆಡ್ಡುಗಳಿಗೆ ಬಸ್ಸು ಹತ್ತಿ ಬಂದ ಸಾವಿರಾರು ಜನರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ಅವರಲ್ಲಿ ಇವರೊಬ್ಬರು.

ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಚಹಾದ ಕಪ್ಪನ್ನು ಅರ್ಧ ಮಾತ್ರ ತುಂಬಿ ಕೊಡುತ್ತಾರೆ. ಯಾಕೆ ಅರ್ಧ ಎಂದು ಅವರು ಕೇಳಿಲ್ಲ, ಇವರು ಹೇಳಿಲ್ಲ.

ಮಗ ಮೇಲೆ ಹೋಗಿ ಹೇಳಿದಾಗ ಅವರು ಕನ್ನಡಕ ಹುಡುಕಿಕೊಂಡು ಇಳಿದು ಬಂದರು. ತುಂಬಾ ಹೊತ್ತು ಬಗ್ಗಿ ನೋಡಿದರು. "ತಮ್ಮಾ, ಈಗ ಅದಕ್ಕ ಕೈ ಹಚ್ಚಬ್ಯಾಡ. ಚಾ ಕುಡದು ಬಾ" ಅಂದರು.

ಉಕ್ಕಿನ ಬೋಲ್ಟು ಅಲ್ಯುಮಿನಿಯಂ ಒಳಗೆ ವರ್ಷಗಟ್ಟಲೆ ಕೂತು, ನಡುವೆ ನೀರಿನಂಶ ಸೇರಿದರೆ ಸಣ್ಣ ಬ್ಯಾಟರಿಯೇ ಆಗುತ್ತದೆ. ಸವೆಯುವುದು ಅಲ್ಯುಮಿನಿಯಂ. ಆ ಸವೆತದಿಂದ ಹುಟ್ಟುವ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಕು. ಆಟೆಗಳ ಸಂದಿನಲ್ಲಿ ಅದು ಉಬ್ಬಿ ಗಟ್ಟಿಯಾಗಿ ಬೋಲ್ಟನ್ನು ಬೆಸುಗೆ ಹಾಕಿದಂತೆ ಹಿಡಿಯುತ್ತದೆ. ಆರು ಮಿಲಿಮೀಟರಿನ ಬೋಲ್ಟಿಗೆ ಆ ಹಿಡಿತಕ್ಕಿಂತ ಕಡಿಮೆ ಶಕ್ತಿ. ಹಾಗಾಗಿ ಅದು ತಿರುಗುವುದಿಲ್ಲ, ತಿರುಚಿಕೊಂಡು ತುಂಡಾಗುತ್ತದೆ. ಆದರೆ ಬಿಸಿ ಮಾಡಿದರೆ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. ರಂಧ್ರ ಕೂದಲೆಳೆಯಷ್ಟು ಸಡಿಲವಾಗುತ್ತದೆ. ಮುರಿದ ಬೋಲ್ಟು ತೆಗೆಯುವವರ ಆಸೆಯೆಲ್ಲ ಆ ಕೂದಲೆಳೆಯ ಮೇಲೆ.

ಮಗ ಅಷ್ಟರಲ್ಲಿ ಎಕ್ಸ್‌ಟ್ರಾಕ್ಟರ್ ಸೆಟ್ ತರಿಸಿದ್ದ. ಮುರಿದ ತುಂಡಿನ ನಡುವೆ ತೂತು ಕೊರೆದು ಇಳಿಸುವ, ಎಡಕ್ಕೆ ತಿರುಗಿದಷ್ಟೂ ಕಚ್ಚಿಕೊಳ್ಳುವ ಮೊನೆಚಾದ ಸಾಧನ. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ ಡಬ್ಬಿಗೆ ವಾಪಸು ಹಾಕಿದರು.

"ಇದು ಒಳಗ ಮುರದ್ರ ಕಬ್ಬಿಣ ಅಲ್ಲ, ಕಲ್ಲ ಕುಂಡ್ರತೈತಿ. ಯಾವ ಡ್ರಿಲ್ಲೂ ಕೊಯ್ಯಂಗಿಲ್ಲ."

"ಮತ್ತ ಏನ್ ಮಾಡೂದು ಅಪ್ಪಾ?"

"ಡಾವಾ ಡ್ರಿಲ್ ತಗೊಂಬಾ."

ಡಾವಾ, ಅಂದರೆ ಎಡಗೈಯದು. ಉಲ್ಟಾ ತಿರುಗಿ ಕೊಯ್ಯುವ ಬಿಟ್. ಮಾಮೂಲಿ ಬಿಟ್ ಬಲಕ್ಕೆ ತಿರುಗುತ್ತಾ ಬೋಲ್ಟನ್ನು ಇನ್ನಷ್ಟು ಒಳಗೆ ಬಿಗಿಯುತ್ತದೆ. ಇದು ಕೊರೆಯುತ್ತಲೇ ಬಿಚ್ಚಲು ನೋಡುತ್ತದೆ. ಮರುದಿನ ಸಂಜೆ ಮಗ ಬೈಕಿನಲ್ಲಿ ರವಿವಾರ ಪೇಟೆಯ ಬೋಹ್ರಿ ಆಳಿಗೆ ಹೋದ. ಮೂರು ಅಂಗಡಿಯವರು ಅವನ ಮುಖ ನೋಡಿ ತಲೆಯಾಡಿಸಿದರು. ನಾಲ್ಕನೆಯವರು ಯಾವ ಸೈಜು ಎಂದಷ್ಟೇ ಕೇಳಿದರು.

ಮುಂದಿನ ಶನಿವಾರದವರೆಗೆ ದಿನಕ್ಕೆರಡು ಬಾರಿ ಬೋಲ್ಟಿಗೆ ಎಣ್ಣೆ ಬಿತ್ತು. ಮಗ ಗ್ಯಾಸ್ ಟಾರ್ಚ್ ತರುತ್ತೇನೆಂದಾಗ ಅಪ್ಪ ಪಕ್ಕದಲ್ಲೇ ಇದ್ದ ಪೆಟ್ರೋಲ್ ಪೈಪನ್ನು ಬೆರಳಿನಿಂದ ತೋರಿಸಿದರು, ಅಷ್ಟೇ. ಸೊಸೈಟಿಯ ಎಲೆಕ್ಟ್ರಿಷಿಯನ್ ಹತ್ತಿರ ಹೀಟ್ ಗನ್ ಇತ್ತು.

ಶನಿವಾರ ಮೊದಲ ಕೆಲಸ ಪಂಚ್ ಹೊಡೆಯುವುದು. ತುಂಡಿನ ನಟ್ಟನಡುವೆ ಚುಕ್ಕೆ ಬೀಳಬೇಕು. ಅರ್ಧ ಮಿಲಿಮೀಟರು ಅತ್ತಿತ್ತ ಸರಿದರೂ ಡ್ರಿಲ್ ಮೆತ್ತನೆಯ ಅಲ್ಯುಮಿನಿಯಮ್ಮಿಗೆ ಜಾರುತ್ತದೆ. ಅಪ್ಪ ಪಂಚ್ ಹಿಡಿದರು. ತುದಿ ತುಂಡಿನ ಮೇಲೆ ನಿಲ್ಲಲಿಲ್ಲ. ಇನ್ನೊಂದು ಕೈಯಿಂದ ಮಣಿಕಟ್ಟು ಹಿಡಿದುಕೊಂಡರು. ಆಗಲೂ ನಿಲ್ಲಲಿಲ್ಲ. ಮಗ ಟಾರ್ಚ್ ಹಿಡಿದು ಬೇರೆ ಕಡೆ ನೋಡುತ್ತಿದ್ದ. ಅವರು ಪಂಚನ್ನು ಮಗನ ಅಂಗೈಗೆ ಇಟ್ಟು, ಹಿಂದೆ ಸರಿದು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

ಅಲ್ಲಿಂದ ಮುಂದೆ ಅವರು ಎಂಜಿನ್ ಕಡೆ ನೋಡಲೇ ಇಲ್ಲ. ಕಣ್ಣು ಮುಚ್ಚಿ ಕೇಳುತ್ತಿದ್ದರು. ಎರಡು ಮಿಲಿಮೀಟರಿನ ಬಿಟ್ ಇಳಿಯುವಾಗ "ಈಗ ಕೊಯ್ಯಾಕತ್ತಿಲ್ಲ, ತಿಕ್ಕಾಕತ್ತೈತಿ. ಒತ್ತು" ಅಂದರು. ಒತ್ತಿದಾಗ ಕೀರಲು ದನಿ ಇಳಿದು, ಸುರುಳಿ ಸುರುಳಿಯಾಗಿ ಚೂರು ಹೊರಬಂತು. "ಹಾಂ. ಹಿಂದಕ್ಕ ತಗಿ, ಎಣ್ಣಿ ಬಿಡು." ತಿಕ್ಕಿದರೆ ಬಿಸಿಯಾಗುವುದು ಬಿಟ್, ಅದರ ಮೊನೆ ಮೊಂಡಾಗುತ್ತದೆ. ಟೂಲ್ ರೂಮಿನ ಗದ್ದಲದಲ್ಲಿ ನಾಲ್ಕು ಮಷಿನ್ ಆಚೆಯವನ ಡ್ರಿಲ್ ಮೊಂಡಾದದ್ದು ಗೊತ್ತಾಗುತ್ತಿತ್ತಂತೆ ಇವರಿಗೆ. ಮಗ ಇದನ್ನು ಹಿಂದೆಯೂ ಕೇಳಿದ್ದ. ಹಳಬರ ಬಡಾಯಿ ಅಂದುಕೊಂಡಿದ್ದ.

ಮೂರು ಮಿಲಿಮೀಟರಿನದಾಯಿತು. ಹೀಟ್ ಗನ್ ಹತ್ತು ನಿಮಿಷ. ನಂತರ ನಾಲ್ಕು ಮಿಲಿಮೀಟರಿನ ಎಡಗೈ ಬಿಟ್, ನಿಧಾನದ ವೇಗದಲ್ಲಿ. ಅರ್ಧ ಇಳಿದಿರಬೇಕು, ಸದ್ದು ಒಮ್ಮೆಲೆ ನಿಂತಿತು. ಮಗನಿಗೆ ಎದೆ ಧಸಕ್ಕೆಂದಿತು, ಬಿಟ್ ಮುರಿಯಿತೆಂದು. ಅಪ್ಪ ಕಣ್ಣು ತೆರೆಯದೆ, "ಬಿಡಬ್ಯಾಡ, ಬರಾಕತ್ತೈತಿ" ಅಂದರು. ಬಿಟ್ಟಿನ ತುದಿಗೆ ಕಚ್ಚಿಕೊಂಡು ತುಂಡು ತಿರುಗುತ್ತಾ ಹೊರಗೆ ಬಂತು, ಆಟೆಗಳ ತುಂಬ ಬಿಳಿ ಪುಡಿ.

ಮಗ ಅದನ್ನು ಅವರಿಗೆ ತೋರಿಸಲು ಹೋದ. ಅವರು ಅದರತ್ತ ಒಂದು ಕ್ಷಣ ನೋಡಿ, ಟ್ಯಾಪ್ ಎಲ್ಲಿದೆ ಎಂದು ಕೇಳಿದರು. ಆರರ ಟ್ಯಾಪನ್ನು ಕೈಯಿಂದಲೇ ಇಳಿಸಿ ಆಟೆ ಶುಚಿ ಮಾಡಿಸಿದರು: ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹೊಸ ಬೋಲ್ಟುಗಳಿಗೆ ಗ್ರೀಸ್ ಹಚ್ಚಿಸಿದರು. ಕೂಲಂಟ್ ತುಂಬಿ, ಎಂಜಿನ್ ಚಾಲೂ ಮಾಡಿ, ಫ್ಯಾನ್ ಒಮ್ಮೆ ತಿರುಗಿ ನಿಲ್ಲುವವರೆಗೂ ಇಬ್ಬರೂ ಅಲ್ಲೇ ಇದ್ದರು. ಮಗ ಪಾನಾಗಳನ್ನು ಒರೆಸಿ ಡಬ್ಬಿಗೆ ಹಾಕತೊಡಗಿದಾಗ ಅಪ್ಪ ಬಗ್ಗಿ, ವಾಟರ್ ಪಂಪಿನ ಬೋಲ್ಟುಗಳ ಮೇಲೆ ಟಾರ್ಚ್ ಬಿಟ್ಟರು. ಅವುಗಳ ಬುಡದಲ್ಲೂ ಬೆಳ್ಳಗಿತ್ತು.

"ಡಬ್ಬಿ ಮುಚ್ಚಬ್ಯಾಡ" ಅಂದರು.