ಹೊಳಪಿನ ಲೆಕ್ಕ

ಅಲ್ಯೂಮಿನಿಯಂ ಸಾಮಾನಿಗೆ ಫಿನಿಶ್ ಮಾಡಿಸಲು ಬರುವವರದು ಒಂದೇ ಪಲ್ಲವಿ: ಕನ್ನಡಿಯ ಹಾಗೆ ಹೊಳೆಯಬೇಕು, ವರ್ಷಗಟ್ಟಲೆ ಬಾಳಬೇಕು, ದುಡ್ಡು ಜಾಸ್ತಿ ಆಗಬಾರದು. ಪುಣೆಯ ಭೋಸರಿಯಲ್ಲಿ ಹಳೆಯ ಬೈಕುಗಳನ್ನು ರಿಪೇರಿ ಮಾಡಿ ಹೊಸದರಂತೆ ಮಾಡಿಕೊಡುವ ಧಾರವಾಡದ ಮೆಕ್ಯಾನಿಕ್ ಒಬ್ಬರು ಇದನ್ನೆಲ್ಲ ಕೇಳಿಸಿಕೊಂಡು, ತಮ್ಮ ಕಡೆಯಿಂದ ಒಂದು ಪ್ರಶ್ನೆ ಹಾಕುತ್ತಾರೆ: "ಎರಕದ್ದೇನ್ರಿ ಇದು?"

ಅರ್ಧ ಉತ್ತರ ಅಲ್ಲೇ ಇದೆ.

ಮೊನ್ನೆ ಬಂದದ್ದು ಒಂದು ಜಾವಾದ ಎಂಜಿನ್ ಕವರುಗಳು. ಬೈಕು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯದು. 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಕಾರ್ಖಾನೆ. ತಂದವರೂ ಮೈಸೂರಿನವರೇ, ಈಗ ಮುಂಬೈಯ ವರ್ಸೋವಾದಲ್ಲಿ ಸಮುದ್ರದ ಹತ್ತಿರ ಮನೆ. ಬೈಕು ತೀರಿಕೊಂಡ ತಂದೆಯದು. "ಕ್ರೋಮ್ ಮಾಡಿಸಿಬಿಡಿ, ತಲೆನೋವೇ ಇರಲ್ಲ" ಎಂದರು.

ತಲೆನೋವು ಶುರುವಾಗುವುದೇ ಅಲ್ಲಿಂದ. ಅಲ್ಯೂಮಿನಿಯಂ ಗಾಳಿಗೆ ತಾಕಿದ ಕೂಡಲೇ ತನ್ನ ಮೈಮೇಲೆ ಆಕ್ಸೈಡ್ ಪದರವನ್ನು ಕಟ್ಟಿಕೊಳ್ಳುತ್ತದೆ. ದಪ್ಪ ಮಿಲಿಮೀಟರಿನ ಲಕ್ಷದಲ್ಲೊಂದು ಪಾಲೂ ಇಲ್ಲ, ಆದರೆ ಬೇರೆ ಲೋಹ ಅಂಟದಂತೆ ತಡೆಯಲು ಅಷ್ಟು ಸಾಕು. ಅದಕ್ಕೇ ಕ್ರೋಮ್ ಕೂರಿಸಬೇಕಾದರೆ ಮೊದಲು ಸತುವಿನ ದ್ರಾವಣದಲ್ಲಿ ಅದ್ದಿ, ಮೇಲೆ ತಾಮ್ರ, ಅದರ ಮೇಲೆ ನಿಕಲ್, ಕೊನೆಗೆ ತೆಳುವಾದ ಕ್ರೋಮ್. ನಮ್ಮ ಕಣ್ಣು ಕುಕ್ಕುವ ಹೊಳಪು ಬಹುಪಾಲು ನಿಕಲ್ಲಿನದು. ಹೆಸರು ಮಾತ್ರ ಕ್ರೋಮಿನದು. ಎಲ್ಲಾದರೂ ಸೂಜಿಮೊನೆಯಷ್ಟು ತೂತು ಉಳಿದು ಉಪ್ಪುನೀರು ಇಳಿಯಿತೋ, ಎರಡು ಲೋಹಗಳ ನಡುವೆ ಪುಟ್ಟ ಬ್ಯಾಟರಿಯೇ ಹುಟ್ಟಿಕೊಂಡು ಅಡಿಯ ಅಲ್ಯೂಮಿನಿಯಂ ಕರಗುತ್ತದೆ. ಲೇಪ ಗುಳ್ಳೆಯೆದ್ದು ಚಕ್ಕೆಯಾಗಿ ಬರುತ್ತದೆ. ವರ್ಸೋವಾದ ಗಾಳಿಗೆ ಇದು ಹೇಳಿ ಮಾಡಿಸಿದ ಕೆಲಸ. ಖರ್ಚೂ ಎಲ್ಲಕ್ಕಿಂತ ಹೆಚ್ಚು.

ಹಾಗಾದರೆ ಆನೊಡೈಸಿಂಗ್? ಆಸಿಡ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿದರೆ ಅದೇ ಆಕ್ಸೈಡ್ ಪದರ ಹತ್ತಿಪ್ಪತ್ತು ಮೈಕ್ರಾನ್ ಬೆಳೆಯುತ್ತದೆ. ಮೇಲೆ ಬಳಿದದ್ದಲ್ಲ, ಲೋಹದಿಂದಲೇ ಮೂಡಿದ್ದು, ಹಾಗಾಗಿ ಸಿಪ್ಪೆ ಏಳುವುದಿಲ್ಲ. ನಮ್ಮ ಫ್ಲಾಟುಗಳ ಕಿಟಕಿ ಚೌಕಟ್ಟಿಗೆ, ಬೀರುವಿನ ಹಿಡಿಗೆ ಬಳಸುವ 6063 ಮಿಶ್ರಲೋಹಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ: ಮೊದಲು ಪಾಲಿಶ್, ಆಮೇಲೆ ತೆಳುವಾದ ಪಾರದರ್ಶಕ ಆನೊಡೈಸಿಂಗ್. ಹೊಳಪು ಒಂದು ಕೂದಲೆಳೆ ತಗ್ಗುತ್ತದೆ, ಆದರೆ ಉಳಿಯುತ್ತದೆ. ತೊಟ್ಟಿಯಲ್ಲಿ ಒಟ್ಟೊಟ್ಟಿಗೆ ನೂರಾರು ತುಂಡು ಇಳಿಸಿದರೆ ತುಂಡಿಗೆ ಬೀಳುವ ಖರ್ಚೂ ಕಡಿಮೆ. ಸೋಡಾಪುಡಿ ಹಾಕಿ ತಿಕ್ಕದಿದ್ದರೆ ಸಾಕು. ಕ್ಷಾರ ಈ ಪದರವನ್ನು ತಿನ್ನುತ್ತದೆ.

ಎಂಜಿನ್ ಕವರಿನ ಜಾತಿ ಬೇರೆ. ಅಚ್ಚಿನ ಮೂಲೆಮೂಲೆಗೂ ಸಲೀಸಾಗಿ ಹರಿಯಲೆಂದು ಎರಕದ ಅಲ್ಯೂಮಿನಿಯಂಗೆ ಶೇಕಡಾ 5ರಿಂದ 12ರವರೆಗೂ ಸಿಲಿಕಾನ್ ಸೇರಿಸಿರುತ್ತಾರೆ. ಸಿಲಿಕಾನ್ ಆನೊಡೈಸ್ ಆಗುವುದಿಲ್ಲ. ಕನ್ನಡಿಯಂತೆ ಒಳಗೆ ಹೋದ ಸಾಮಾನು ಬೂದಿ ಬಡಿದ ಹಾಗೆ ಹೊರಗೆ ಬರುತ್ತದೆ.

ಉಳಿದದ್ದು ಪಾರದರ್ಶಕ ಪೌಡರ್ ಕೋಟಿಂಗ್. ಇನ್ನೂರು ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿದ ಪ್ಲಾಸ್ಟಿಕ್ ಹೊದಿಕೆ ಅದು. ದರ ಪರವಾಗಿಲ್ಲ, ಹೊಳಪು ಮಾತ್ರ ಗಾಜಿನ ಹಿಂದಿನ ಪಟದ ಹಾಗೆ. ಒಂದು ಕಲ್ಲು ಹಾರಿ ಬಡಿದರೆ ಆ ಜಾಗದಿಂದ ತೇವ ಒಳಹೊಕ್ಕು, ಹೊದಿಕೆಯ ಕೆಳಗೆ ಹುಳ ಹರಿದಂಥ ಗೆರೆಗಳು ಏಳುತ್ತವೆ. ಆಗ ಇಡೀ ಹೊದಿಕೆ ಕಿತ್ತು ಮತ್ತೆ ಮೊದಲಿನಿಂದ.

"ಹಂಗಾರ ಬರೇ ಪಾಲಿಶ್ ಮಾಡೂಣು. ಮ್ಯಾಲೆ ಮೇಣ ಹಚ್ಚಿ ನೀವು ತಿಕ್ಕಬೇಕ್ರಿ ಮತ್ತ," ಎಂದರು ಮೆಕ್ಯಾನಿಕ್.

"ಎಷ್ಟು ದಿನಕ್ಕೊಮ್ಮೆ?"

"ನಿಮ್ಮೂರಿನ ಗಾಳಿಗೆ? ಮಳಿಗಾಲದಾಗ ವಾರಕ್ಕೊಮ್ಮೆ."

ಇದೇ ಎಲ್ಲಕ್ಕಿಂತ ಅಗ್ಗ. ಆದರೆ ಅಗ್ಗ ಯಾರಿಗೆ ಎಂಬುದು ಬಫಿಂಗ್ ಕೋಣೆಗೆ ಹೋದರೆ ಗೊತ್ತಾಗುತ್ತದೆ. ಒರಟಿನಿಂದ ನಯದವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಆಮೇಲೆ ಸುತ್ತುವ ಬಟ್ಟೆಚಕ್ರಕ್ಕೆ ಒತ್ತಿ ಹಿಡಿಯಬೇಕು. ಹಾಗೆ ಹಿಡಿಯುವ ಹುಡುಗನ ಹುಬ್ಬು, ಮೂಗು, ಕೈ ಎಲ್ಲ ಸಂಜೆಗೆ ಕಪ್ಪು. ಅಲ್ಯೂಮಿನಿಯಂ ಧೂಳು ಕಣ್ಣಿಗೆ ಬೂದಿಯಂತೆ ಕಂಡರೂ ಗಾಳಿಯಲ್ಲಿ ದಟ್ಟವಾಗಿ ಎದ್ದಾಗ ಒಂದು ಕಿಡಿಗೆ ಸಿಡಿಯಬಲ್ಲದು. ಕಬ್ಬಿಣ ತಿಕ್ಕುವ ಚಕ್ರವನ್ನು ಈ ಮೆಕ್ಯಾನಿಕ್ ಬೇರೆ ಕೋಣೆಯಲ್ಲಿಟ್ಟಿರುವುದು, ಧೂಳು ಹೀರುವ ಫ್ಯಾನ್ ಹಾಕಿಸಿರುವುದು ಅದಕ್ಕೇ. ಫ್ಯಾನು, ಮಾಸ್ಕುಗಳ ಖರ್ಚು ಬಿಲ್ಲಿನಲ್ಲೇ ಸೇರಿರುವುದರಿಂದ ಅವರ ದರ ಪಕ್ಕದ ಗಲ್ಲಿಗಿಂತ ತುಸು ಹೆಚ್ಚು. ಚೌಕಾಶಿ ಮಾಡುವವರಿಗೆ ಅವರು ಫ್ಯಾನು ತೋರಿಸುತ್ತಾರೆ. ಕೆಲವರು ಪಕ್ಕದ ಗಲ್ಲಿಗೆ ಹೋಗುತ್ತಾರೆ.

ವರ್ಸೋವಾದವರು ಹೋಗಲಿಲ್ಲ. ಆದರೆ ಕವರು ಕೈಗೆ ಬಂದಾಗ ಬೆರಳಿಟ್ಟು ತೋರಿಸಿದರು: ಉಬ್ಬಕ್ಷರಗಳ ಸುತ್ತ ಸ್ವಲ್ಪ ಮಬ್ಬು ಉಳಿದಿತ್ತು, ಅದೊಂದು ಆಗಿಬಿಡಲಿ ಎಂದರು. ಪ್ರತಿ ಸಲ ಉಜ್ಜಿದಾಗಲೂ ಲೋಹ ಸವೆಯುತ್ತದೆ. ಅಕ್ಷರಗಳು ಹಿಂದೆ ಯಾರದೋ ಕೈಯಲ್ಲಿ ಆಗಲೇ ಅರ್ಧ ಸವೆದಿದ್ದವು. ಅಲ್ಲಿಗೆ ಚಕ್ರ ತಗುಲಿಸಲು ಮೆಕ್ಯಾನಿಕ್ ಒಪ್ಪಲಿಲ್ಲ.